ಗಂಡನ ಕಿವಿ

ಯುಗಾದಿಯ ದಿನ ಬೇವು-ಬೆಲ್ಲ ತಿಂದ ಮೇಲೆ ಗಂಡ ಹೆಂಡತಿ ಕಿವಿ ಬದಲಿಸಿಕೊಳ್ಳುವುದು ಧಾರವಾಡದಲ್ಲಿ ಈಗ ಹೋಳಿಗೆಯಷ್ಟೇ ರೂಢಿ. ತಲೆಗೊಂದು ಪಟ್ಟಿ ಕಟ್ಟಿಕೊಂಡರಾಯಿತು, ಗಂಡನ ಮಿದುಳಿಗೆ ಲೋಕ ಹೇಗೆ ಕೇಳಿಸುತ್ತದೋ ಹೆಂಡತಿಗೂ ಹಾಗೆಯೇ ಕೇಳಿಸುತ್ತದೆ.

ಆ ಪಟ್ಟಿಯನ್ನು ಕಂಡುಹಿಡಿದ ವಿಜ್ಞಾನಿಗಳಲ್ಲಿ ಮಂದಾಕಿನಿಯೂ ಒಬ್ಬಳು. ಆದರೆ ಈ ಸಲ ಅವಳು ಅದನ್ನು ಕಟ್ಟಿಕೊಂಡದ್ದು ಹಬ್ಬಕ್ಕಲ್ಲ, ಮಹಡಿಯಲ್ಲಿ ಬಾಡಿಗೆಗಿದ್ದ ರೇವತಿಗಾಗಿ. ರೇವತಿ ಹಾಡತೊಡಗಿದರೆ ಗಂಡ ಪ್ರಹ್ಲಾದ ಕಣ್ಣು ಮುಚ್ಚಿ ಕೂರುತ್ತಿದ್ದ. ಅದನ್ನು ಕಂಡಾಗಲೆಲ್ಲ ಹೆಂಡತಿಯ ಹೊಟ್ಟೆ ಉರಿಯುತ್ತಿತ್ತು.

ಮೇಲೆ ಹಾಡು ಶುರುವಾಯಿತು. ಗಂಡನ ಕಿವಿಯಲ್ಲಿ ಅದು ಸೊಳ್ಳೆಯ ಸದ್ದಿಗಿಂತ ದೊಡ್ಡದಿರಲಿಲ್ಲ.

ಮಂದಾಕಿನಿಗೆ ನಾಚಿಕೆಯಾಯಿತು. "ಚಹಾ ತರ್ಲೇನ್ರಿ?" ಎಂದಳು.

ಕೇಳಿಸಿದ್ದು ಅವಳ ದನಿಯೇ ಅಲ್ಲ. ಪಾಠ ಹೇಳಿ ಹೇಳಿ ಒಡೆದುಹೋದ ಗಂಟಲೆಲ್ಲಿ, ಇದೆಲ್ಲಿ! ತಿಳಿಯಾದ, ಕೊನೆಯಲ್ಲಿ ನಗು ತುಳುಕುವ ದನಿ. ಮದುವೆಯಾದ ಹೊಸತರಲ್ಲಿ ಅವಳಿಗಿದ್ದದ್ದು. ಕೇಳುವುದರಲ್ಲಿ ಅರ್ಧ ನೆನಪೇ ಎಂದು ತರಗತಿಯಲ್ಲಿ ಹೇಳುವವಳು ಮನೆಯಲ್ಲಿ ಅದನ್ನು ಮರೆತಿದ್ದಳು.

"ತಾ ತಾ, ನೀ ಕೇಳಿದ್ರ ಬ್ಯಾಡ ಅಂತೀನೇನು?" ಎಂದ ಪ್ರಹ್ಲಾದ, ಮುಖವರಳಿಸಿ.

ಅವಳು ಪಟ್ಟಿ ಕಿತ್ತು ಒಗೆದಳು. ರೇವತಿಯಾಗಿದ್ದರೆ ಮನೆ ಖಾಲಿ ಮಾಡಿಸಬಹುದಿತ್ತು. ಗಂಡನ ಕಿವಿಯೊಳಗಿನ ಈ ಹುಡುಗಿಯನ್ನು ಎಲ್ಲಿಗೆ ಕಳಿಸುವುದು?