ಕುಂಬಳದ ಸಸಿಯ ರಿಪೇರಿ

ಕುಂಬಳದ ಸಸಿಯನ್ನು ಮೇಕೆ ಬುಡಸಮೇತ ತಿಂದದ್ದು ಬೆಳಿಗ್ಗೆ. ಬಿಸಿಲು ನೆತ್ತಿಗೇರಿದರೂ ಮಗಳ ಅಳು ನಿಂತಿರಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ, ಒಡಕು ಬಕೆಟ್ಟಿನಲ್ಲಿ ಉಳಿದ ಬರೀ ಮಣ್ಣನ್ನು ನೋಡುತ್ತ ಮೂಗು ಸುರಿಸಿಕೊಂಡು ಕೂತಿದ್ದಳು. ಅಪ್ಪ ಪಂಪುಸೆಟ್ಟು ರಿಪೇರಿ ಮಾಡುವವನು. ಕಿರುಗುಟ್ಟುವುದರ ಬಾಯಿ ಮುಚ್ಚಿಸಿ ಕೊಡುವುದೇ ಅವನ ಹೊಟ್ಟೆಪಾಡು. ಹಾಗಾಗಿ ಅಷ್ಟರಲ್ಲಾಗಲೇ ಹೊಸ ಬೀಜ ನೆಟ್ಟಿದ್ದ, ಬಕೆಟ್ಟಿಗೆ ತಂತಿಯ ಬೇಲಿ ಸುತ್ತಿದ್ದ, ಮಗಳ ಕಣ್ಣೆದುರಿಗೇ ಮೇಕೆಗೆ ಎರಡೇಟು ಬಿಟ್ಟಿದ್ದ. ಒಂದೊಂದು ರಿಪೇರಿಗೂ ಅಳು ಇನ್ನಷ್ಟು ಮೇಲಕ್ಕೇರಿತ್ತು.

“ಇನ್ನೇನೇ ಮಾಡ್ಲಿ?” ಎಂದು ಹೆಂಡತಿಯನ್ನು ಕೇಳಿದ.

ಒಳಗೆ ಬಟ್ಟೆ ಹೊಲಿಯುತ್ತಿದ್ದ ಅವಳು ಮಿಷಿನ್ನಿನಿಂದ ತಲೆಯೆತ್ತಲಿಲ್ಲ. “ಏನೂ ಮಾಡ್ಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ.”

“ಕೂತು?”

“ಕೂತು, ಅಷ್ಟೇ. ಅವಳಿಗೆ ಏನೋ ಹೇಳೋದಿದೆ. ಬಾಯಿ ಬಿಡೋಷ್ಟರಲ್ಲಿ ನೀವು ಸ್ಪ್ಯಾನರ್ ಹಿಡ್ಕೊಂಡು ಬಂದ್ಬಿಡ್ತೀರಿ.”

ಕೂತ. ಬಾವಿಯ ತಳಕ್ಕಿಳಿದು ಕತ್ತಲಲ್ಲಿ ಬೋಲ್ಟು ಬಿಚ್ಚುವಾಗಲಾದರೂ ಕೈಗೆ ಕೆಲಸವಿರುತ್ತದೆ. ಇಲ್ಲಿ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯದೆ, ಫೋಟೋ ತೆಗೆಸಿಕೊಳ್ಳುವವನಂತೆ ಎರಡನ್ನೂ ಮಂಡಿಯ ಮೇಲೆ ಇಟ್ಟುಕೊಂಡ.

ಅಷ್ಟರಲ್ಲಿ ಟೊಮೆಟೊ ತೋಟದ ಯಜಮಾನರು ಮೊಪೆಡ್ಡಿನಲ್ಲಿ ಬಂದಿಳಿದರು. “ಏನಪ್ಪಾ, ಮೋಟ್ರು ಕೆಟ್ಟು ಗಿಡ ಎಲ್ಲಾ ಬಾಡ್ತಾ ಇದೆ, ನೀನಿಲ್ಲಿ ಏನ್ ಮಾಡ್ತಿದೀಯ?”

“ಕೂತಿದೀನಿ, ಯಜಮಾನ್ರೆ.”

“ಅದು ಕಾಣ್ತಿದೆ. ಯಾಕೆ ಅಂತ ಕೇಳ್ದೆ.”

“ಮಗು ಅಳ್ತಾ ಇದೆ.”

ಸಸಿಯ ಕಥೆ ಕೇಳಿ ಯಜಮಾನರಿಗೆ ನಗು ಬಂತು. “ಇಷ್ಟೇನಾ? ಪುಟ್ಟಕ್ಕ, ನಮ್ಮ ತೋಟಕ್ಕೆ ಬಾ, ಬುಟ್ಟಿ ತುಂಬ ಸಸಿ ಕೊಡ್ತೀನಿ.”

ಮಗಳು ಊರಿಗೆಲ್ಲ ಕೇಳುವಂತೆ ಕಿರುಚಿದಳು.

“ಏನೂ ಕೊಡ್ಬೇಡಿ, ನಿಮ್ಮ ದಮ್ಮಯ್ಯ,” ಎಂದ ರಿಪೇರಿಯವನು. “ಕೊಟ್ಟಷ್ಟೂ ಜಾಸ್ತಿ ಆಗುತ್ತೆ. ಒಂದ್ಗಳಿಗೆ ನೀವೂ ಕೂತ್ಕೊಳ್ಳಿ.”

ಯಜಮಾನರು ಗೊಣಗುತ್ತ ಕೆಳಗಿನ ಮೆಟ್ಟಿಲಲ್ಲಿ ಕೂತರು. “ಎಷ್ಟೊತ್ತು ಕೂರ್ಬೇಕು?”

“ಗೊತ್ತಿಲ್ಲ. ನನಗೂ ಈ ಕೆಲಸ ಹೊಸದು.”

“ಇಬ್ಬರೂ ಮಾತಾಡ್ಬೇಡಿ,” ಎಂಬ ದನಿ ಒಳಗಿನಿಂದ ಬಂತು. ಮಿಷಿನ್ನಿನ ಸದ್ದೂ ನಿಂತಿತು.

ಅಳು ತಾನಾಗಿಯೇ ಬಿಕ್ಕಳಿಕೆಗಿಳಿಯಿತು. ಮಗಳು ಬೆನ್ನ ಹಿಂದೆ ಅಡಗಿಸಿಟ್ಟುಕೊಂಡಿದ್ದ ಬಲಗೈಯನ್ನು ಮೆಲ್ಲಗೆ ತೆಗೆದು ಅಪ್ಪನ ಮುಂದೆ ಚಾಚಿದಳು.

“ಈ ಕೈಲೇ ತೆಗ್ದಿದ್ದು.”

“ಏನನ್ನ, ಕೂಸೆ?”

“ಕೊಟ್ಟಿಗೆ ಬಾಗ್ಲನ್ನ. ಮೇಕೆಗೆ ನನ್ನ ಗಿಡ ತೋರ್ಸೋಣ ಅಂತ.” ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. “ಮುರಿ.”

ಬೆಳಿಗ್ಗೆ ಮೇಕೆಯ ಹಿಂದೆ ಓಡುತ್ತ ತಾನು ಅರಚಿದ್ದು ರಿಪೇರಿಯವನಿಗೆ ಆಗ ನೆನಪಾಯಿತು: ಬಾಗಿಲು ತೆಗೆದವರ ಕೈ ಮುರಿದು ಹಾಕ್ತೀನಿ. ಅರಚಿದ ಮರುಕ್ಷಣವೇ ಅವನು ಅದನ್ನು ಮರೆತಿದ್ದ.

ಆ ಕೈಯನ್ನು ತನ್ನ ಗ್ರೀಸು ಮೆತ್ತಿದ ಕೈಯೊಳಗೆ ಇಟ್ಟುಕೊಂಡ. “ಮುರಿಯಲ್ಲ. ಅಪ್ಪ ಸಿಟ್ಟಲ್ಲಿ ಬಾಯಿಗೆ ಬಂದಿದ್ದು ಅಂದ್ಬಿಟ್ಟ. ಹಾಗೆ ಅನ್ನಬಾರದಿತ್ತು. ತುಂಬ ಹೆದರ್ಕೊಂಡಿದ್ಯಾ?”

“ಹೂಂ.”

“ಗಿಡ ಹೋಗಿದ್ದಕ್ಕೂ ಅಳು ಬಂತಾ?”

“ಅದಕ್ಕೂ.” ಸ್ವಲ್ಪ ಯೋಚಿಸಿದಳು. “ಮೇಕೆಗೆ ಹೊಡೆದ್ಯಲ್ಲ, ಅದಕ್ಕೂ.” ಮೂಗನ್ನು ಅಪ್ಪನ ತೋಳಿಗೆ ಒರೆಸಿ, ಎದ್ದು ಹೋಗಿ ಮೇಕೆಯ ಪಕ್ಕದಲ್ಲಿ ಏನೂ ಮಾತಾಡದೆ ಕೂತಳು.

ರಿಪೇರಿಯವನು ಸಾಮಾನಿನ ಚೀಲ ಹೆಗಲಿಗೇರಿಸಿದ. ಯಜಮಾನರು ಏಳಲಿಲ್ಲ.

“ನಮ್ಮ ದೊಡ್ಡೋನೂ ಇಷ್ಟುದ್ದ ಇದ್ದಾಗ ಒಂದಿಡೀ ದಿನ ಅತ್ತಿದ್ದ,” ಎಂದರು. “ಸೈಕಲ್ ಕೊಡಿಸ್ದೆ. ನಿಂತೋಯ್ತು.”

“ಯಾಕೆ ಅಳ್ತಿದ್ದ?”

ಯಜಮಾನರು ಮೊಪೆಡ್ಡಿನ ಕೀಲಿಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ಸೈಕಲ್ ಕೊಡಿಸ್ದೆ ಅಂದೆನಲ್ಲ.”