ಗುಮ್ಮನ ಪಾಲಿಸಿ

ಹಣವಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡು ಅಮ್ಮ ಕುರ್ಚಿಯಿಂದ ಎದ್ದೇ ಬಿಟ್ಟಳು. ಬೈಕ್ ಕೈತಪ್ಪಿತು ಎಂದು ಹುಡುಗಿಗೆ ಆಗಲೇ ಗೊತ್ತಾಯಿತು. ತಪ್ಪಿಸಿದವನು ಹೊರಗಿನವನೂ ಅಲ್ಲ, ಸಹಾಯಕ್ಕಿರಲಿ ಎಂದು ಅವಳೇ ಶೋರೂಮಿಗೆ ಎಳೆದುತಂದಿದ್ದ ಸೋದರಮಾವ.

ಅಲ್ಲಿಯವರೆಗೆ ಎಲ್ಲ ಹೂವೆತ್ತಿದಷ್ಟು ಸಲೀಸಾಗಿ ನಡೆದಿತ್ತು. ಸೋಮವಾರದಿಂದ ಅವಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮನೆಮನೆಗೆ ಹೋಗಿ ರಕ್ತ ತೆಗೆದು ತರಬೇಕು, ಸ್ವಂತ ಗಾಡಿ ಇದ್ದವರಿಗೆ ಮಾತ್ರ ಆ ಕೆಲಸ. ಲೈಸೆನ್ಸ್ ಕೈಗೆ ಬಂದ ಖುಷಿ ಇನ್ನೂ ಆರಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಹೋದದ್ದು ಕಪ್ಪು ಬಣ್ಣದ ಒಂದು ದೈತ್ಯನ ಮೇಲೆ. ಹತ್ತಿ ಕುಳಿತರೆ ಎರಡೂ ಕಾಲು ಗಾಳಿಯಲ್ಲಿ. ಮುಖ ಸಪ್ಪಗೆ ಮಾಡಿಕೊಂಡು ಇಳಿದು ಪಕ್ಕದ ಸಣ್ಣ ಕೆಂಪು ಬೈಕ್ ಹತ್ತಿದಳು. ಪಾದಗಳು ನೆಲಕ್ಕೆ ಸರಿಯಾಗಿ ಊರಿದವು, ತಳ್ಳಿದರೆ ಹಟಮಾಡದೆ ಮುಂದೆ ಬಂತು. "ಇದೇ," ಎಂದಳು. "ಕೆಂಪು ಒಳ್ಳೇದೇ, ದೂರದಿಂದ್ಲೇ ಕಾಣುತ್ತೆ," ಎಂದು ಅಮ್ಮನೂ ಒಪ್ಪಿದ್ದಳು. ಇನ್ನು ಉಳಿದದ್ದು ವಿಮೆ.

ಮಾವ ವಿಮಾ ಏಜೆಂಟ್. ಮೊದಲು ಹೆದರಿಸುವುದು, ಆಮೇಲೆ ಸಹಿ ಹಾಕಿಸಿಕೊಳ್ಳುವುದು ಅವನ ಪದ್ಧತಿ. ಅಡುಗೆಮನೆಗೆ ಬೆಂಕಿ ಬಿದ್ದ ಕಥೆ ಅವನು ಹೇಳಿದರೆ ಕೇಳುವವರಿಗೆ ಹೊಗೆಯ ವಾಸನೆಯೇ ಬರುತ್ತಿತ್ತು. ಬೆನ್ನ ಹಿಂದೆ ಜನ ಅವನನ್ನು ಗುಮ್ಮ ಎನ್ನುತ್ತಿದ್ದರು, ಎದುರಿಗೆ ತೆಪ್ಪಗೆ ಸಹಿ ಹಾಕುತ್ತಿದ್ದರು. ಇವತ್ತು ಅಕ್ಕನ ಮಗಳದೇ ಗಾಡಿ, ಹೆದರಿಸುವ ಅಗತ್ಯವೇ ಇರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೆ ಹೋಗುತ್ತದೆಯೇ? "ಎದುರಿನವರ ನಷ್ಟ ತುಂಬಿಕೊಡೋ ವಿಮೆ ಒಂದೇ ಸಾಲಲ್ಲ, ಹೊಸದಾಗಿ ಓಡಿಸೋರು ತಮಗೂ ಗಾಡಿಗೂ ಸೇರಿಸಿ ಮಾಡಿಸ್ಬೇಕು," ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ತಿರುವಿನಲ್ಲಿ ಮರಳು ಬಂತು, ಲಾರಿಯ ಹಿಂದಿನ ಚಕ್ರ ಬಂತು, ಕೊನೆಗೆ ಯಾರದೋ ಮೊಣಕಾಲಿನ ಚಿಪ್ಪು ಬಂತು. ಆ ಚಿಪ್ಪು ಎಷ್ಟು ದೂರ ಹೋಗಿ ಬಿತ್ತು ಎಂದು ಅವನು ಕೈ ಚಾಚಿ ತೋರಿಸುತ್ತಿದ್ದಾಗಲೇ ಅಮ್ಮ ಎದ್ದದ್ದು.

"ನಡಿಯೇ ಮನೆಗೆ. ಆ ಕೆಲಸಾನೂ ಬೇಡ, ಈ ಗಾಡೀನೂ ಬೇಡ."

"ಅಕ್ಕಾ, ಅದು ಬಾಯಿಪಾಠದ ಮಾತು," ಮಾವ ತಡವರಿಸಿದ. "ನಮ್ಮ ಹುಡುಗಿ ಬೀಳೋದೇ ಇಲ್ಲ."

"ಬೀಳೋದೇ ಇಲ್ಲ ಅಂದ್ಮೇಲೆ ವಿಮೆ ಯಾಕೋ?"

"ಇವಳು ಬೀಳಲ್ಲ. ಬೇರೆಯವರು ಬಂದು ಗುದ್ದಿದ್ರೆ ಅಂತ..."

"ಹಾಗಾದ್ರೆ ಗುದ್ದುತ್ತಾರೆ!"

"ಯಾರೂ ಗುದ್ದಲ್ಲ ಅಕ್ಕ, ಎಲ್ಲ ಒಳ್ಳೇ ಜನ. ಆದ್ರೆ ಕಾನೂನಿದೆ, ವಿಮೆ ಇಲ್ದೆ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ."

"ಅಂದ್ರೆ ಬೀಳ್ತಾರೆ ಅಂತ ಸರ್ಕಾರಕ್ಕೂ ಗೊತ್ತಿದೆ ಅಂತಾಯ್ತು!"

ಅತ್ತ ದರಿ, ಇತ್ತ ಪುಲಿ. ಅಪಾಯವಿದೆ ಎಂದರೆ ಬೈಕ್ ಹೋಗುತ್ತದೆ, ಇಲ್ಲ ಎಂದರೆ ವಿಮೆ ಹೋಗುತ್ತದೆ. ಹುಡುಗಿಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಅಳುವೂ ಬಂತು. ಕೆಲಸ ಸಿಕ್ಕಿದ್ದನ್ನು ಬೀದಿಗೆಲ್ಲ ಸಾರಿಯಾಗಿತ್ತು.

"ಮಾವ, ನೀವೇ ನನ್ನ ಹಿಂದೆ ಕೂತ್ಕೊಳ್ಳಿ," ಎಂದಳು. "ಒಂದು ಸುತ್ತು ಹಾಕ್ಕೊಂಡು ಬರೋಣ. ಹೋದ ಹಾಗೇ ವಾಪಸ್ ಬಂದ್ರೆ ಅಮ್ಮ ಒಪ್ಕೊಳ್ಳಲಿ."

ಅಮ್ಮ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಆಗ್ಲಿ. ಮೊಣಕಾಲು ಎರಡೂ ಇದ್ರೆ ದುಡ್ಡು ಕಟ್ತೀನಿ."

ಓಡಿಸಿ ನೋಡಲೆಂದು ಇಟ್ಟಿದ್ದ ಬೈಕನ್ನು ಶೋರೂಮಿನವರು ಬಾಗಿಲಿಗೆ ತಂದು ನಿಲ್ಲಿಸಿದರು. ಮಾವ ಹೆಲ್ಮೆಟ್ ಹಾಕಿಕೊಂಡ, ಹಿಂದಿನ ಸೀಟಿನವರೆಗೆ ಬಂದ, ಅಲ್ಲೇ ನಿಂತ. ಮುಖ ಬಿಳುಚಿಕೊಂಡಿತ್ತು. ಇಷ್ಟು ವರ್ಷ ತಾನು ಹೇಳಿದ ಕಥೆಗಳನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಅವನೇ.

"ಹತ್ತಿ ಮಾವ. ನಿಮಗೇನು ಭಯ? ನಿಮ್ಮ ಪಾಲಿಸಿ ಇದೆಯಲ್ಲ."

"ಇಲ್ಲಮ್ಮ," ಎಂದ ಮಾವ ಮೆಲ್ಲಗೆ.

"ಒಂದೂ ಇಲ್ವಾ?"

"ಒಂದೂ ಇಲ್ಲ. ಊರನ್ನೆಲ್ಲ ನಾನು ಹೆದರಿಸ್ದೆ. ನನ್ನನ್ನ ಕೂರಿಸ್ಕೊಂಡು ಹೆದರಿಸೋರು ಯಾರೂ ಸಿಗಲಿಲ್ಲ."

ಹುಡುಗಿ ಕಿಸಕ್ಕನೆ ನಕ್ಕಳು. ಅಮ್ಮನಿಗೆ ನಗು ಬರಲಿಲ್ಲ, ತಮ್ಮನ ಮೇಲೆ ಕನಿಕರ ಬಂತು. ಹೆಂಡತಿ ಮಕ್ಕಳಿರುವವನು.

"ತೆಗಿ ಆ ಹೆಲ್ಮೆಟ್ಟು," ಎಂದಳು. "ಪಾಲಿಸಿ ಇಲ್ದೋನು ಹತ್ತಬೇಡ. ಏಜೆಂಟ್ ಆದಾಗ ಮೊದಲು ಹೆದರಿಸಿದ್ದು ನನ್ನನ್ನೇ ಅಲ್ವಾ? ನನ್ನದಿದೆ. ನಾನು ಕೂತ್ಕೋತೀನಿ."

ಹಣದ ಚೀಲ ತಮ್ಮನ ಕೈಗೆ ಕೊಟ್ಟು, ಹೆಲ್ಮೆಟ್ ಬಿಗಿದುಕೊಂಡು, ಅಮ್ಮ ಮಗಳ ಸೊಂಟವನ್ನು ಉಡದ ಹಾಗೆ ಹಿಡಿದು ಕುಳಿತಳು. ಹುಡುಗಿ ಗೇರ್ ಹಾಕಿದಳು. "ನಿಧಾನ! ನಿಧಾನ!" ಎಂದು ಕೂಗುತ್ತ ಮಾವ ಸ್ವಲ್ಪ ದೂರ ಜೊತೆಗೇ ಓಡಿ ಬಂದ, ಅವನು ಹಿಂದೆ ಬೀಳದಷ್ಟು ನಿಧಾನವಾಗಿಯೇ ಬೈಕ್ ಹೋಗುತ್ತಿತ್ತು. ಕೊನೆಗೆ ಅವನೇ ಏದುಸಿರು ಬಿಡುತ್ತ ನಿಂತ. ಬೈಕ್ ಔಷಧಿ ಅಂಗಡಿಯ ಮೂಲೆಯಲ್ಲಿ ಒಮ್ಮೆ ವಾಲಿ, ಸಾವರಿಸಿಕೊಂಡು, ಅಡ್ಡರಸ್ತೆಗೆ ತಿರುಗಿತು. ಸೊಂಟದ ಮೇಲಿನ ಹಿಡಿತ ಸಡಿಲವಾಯಿತು. ಇಳಿಯುತ್ತೇನೆ ಎನ್ನುತ್ತಾಳೋ ಏನೋ ಎಂದು ಹುಡುಗಿ ಬ್ರೇಕಿನ ಮೇಲೆ ಬೆರಳಿಟ್ಟಳು.

ಅಮ್ಮ ಮುಂದಕ್ಕೆ ಬಾಗಿ, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿಸಿ ಹೇಳಿದಳು:

"ಇನ್ನು ಅವನಿಗೆ ಕಾಣಲ್ಲ. ಸ್ವಲ್ಪ ಜೋರಾಗಿ ಬಿಡೇ."