ನಡುವೆ ನಿಂತ ಹಾಡು

"ಇದು ಅದೇ ನೋವಾ?"

ಕೋಟುಗಳನ್ನು ತೂಗುಹಾಕಿದ್ದ ಮೂಲೆಯಲ್ಲಿ ನಿಂತು ಸುನ್ವಾ ಕೇಳಿದಳು. ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಹೊಟ್ಟೆಯ ಬಲಗಡೆ, ಕೆಳಗೆ, ಒತ್ತಿ ನೋಡಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಅಜ್ಜ ಹಾನುಸ್ ಕೂಗಿದ: "ಎಲ್ಲಿ ನಮ್ಮ ಹಾಡುಗಾರ್ತಿ? ಜನ ಕೈ ಕೈ ಹಿಡಿದು ನಿಂತಾಯ್ತು!"

ಚಳಿಗಾಲದಲ್ಲಿ ಅವಳ ಅಪೆಂಡಿಕ್ಸ್ ಊದಿಕೊಂಡಿತ್ತು. ಆಸ್ಪತ್ರೆಯಲ್ಲಿ ಕೊಯ್ಯದೆ, ಬರೀ ಔಷಧಿಯಿಂದಲೇ ವಾಸಿಮಾಡಿ ಮನೆಗೆ ಕಳಿಸಿದ್ದರು. ಹೊರಡುವಾಗ ಡಾಕ್ಟರ್ ತೂರಿ ಅಮ್ಮನಿಗಲ್ಲ, ಅವಳಿಗೇ ಹೇಳಿದ್ದರು: "ಇದು ಮತ್ತೆ ಬರದೇನೂ ಇರ್ಬಹುದು. ಬಂದ್ರೆ ಆಪರೇಷನ್ ಮಾಡೋಣ. ಆದ್ರೆ ಬಂದಿದ್ದು ಮೊದಲು ಗೊತ್ತಾಗೋದು ನಿನಗೆ. ಸಹಿಸ್ಕೊಂಡು ಕೂತ್ರೆ ಒಳಗೇ ಒಡೆಯುತ್ತೆ. ಹೇಳ್ತೀಯಲ್ಲ?" ಸುನ್ವಾ ಹೂಂ ಎಂದಿದ್ದಳು.

ಈಗ ಹೇಳಲಿಲ್ಲ. ಹೋಗಿ ಅಜ್ಜನ ಕೈ ಹಿಡಿದಳು. ಫಾರೋ ದ್ವೀಪಗಳಲ್ಲಿ ಹಬ್ಬದ ಕುಣಿತಕ್ಕೆ ವಾದ್ಯವಿಲ್ಲ. ಒಬ್ಬರು ಹಾಡು ಎತ್ತಿಕೊಡುತ್ತಾರೆ; ಉಳಿದವರ ಬಾಯಿ, ಕಾಲು ಹಿಂಬಾಲಿಸುತ್ತವೆ. ಎತ್ತಿಕೊಟ್ಟವರು ನಡುವೆ ಬಿಡುವಂತಿಲ್ಲ. ಪಕ್ಕೆಲುಬು ಮುರಿದಿದ್ದರೂ ಹಾನುಸ್ ಒಮ್ಮೆ ಕೊನೆಯ ಪದ್ಯದವರೆಗೆ ಹಾಡಿದ್ದನೆಂದು ಊರು ಈಗಲೂ ಹೇಳುತ್ತದೆ. ಅವನ ಬಾಯಿಂದ ಕೇಳಿ ಕೇಳಿಯೇ ಕಲಿತ, ಕಡಲು ದಾಟುವ ರಾಜನ ಹಾಡನ್ನು ಹತ್ತು ವರ್ಷದ ಮೊಮ್ಮಗಳು ಇಂದು ಮೊದಲ ಸಲ ಎತ್ತಿಕೊಡುತ್ತಿದ್ದಳು.

ಹಾಡು ಅರ್ಧ ದಾಟಿತ್ತು, ಮರದ ನೆಲ ಗುಡುಗುತ್ತಿತ್ತು. ಒಂದು ಹೆಜ್ಜೆಗೆ ನೋವು ತೊಡೆಯವರೆಗೆ ಇಳಿಯಿತು. ಸುನ್ವಾ ಬಾಯಿ ಮುಚ್ಚಿದಳು. ಕುಣಿಯುತ್ತಿದ್ದವರ ಕಾಲುಗಳು ಮಾತ್ರ ಸ್ವಲ್ಪ ದೂರ ಸಾಗಿ, ಒಂದರ ಹಿಂದೊಂದು ನಿಂತವು.

"ಏನೇ, ಪದ ಮರ್ತೋಯ್ತಾ?" ಎದುರಿಗಿದ್ದ ಸೋದರಮಾವ ಪಾವ್ಲಿ ನಕ್ಕ. "ಅಜ್ಜನ ಗಡ್ಡ ಕೊಡವಿ ನೋಡು, ಒಂದೆರಡು ಸಿಕ್ಕಿಹಾಕ್ಕೊಂಡಿರ್ತಾವೆ!"

ಸುತ್ತಲಿದ್ದವರೂ ನಕ್ಕರು. ಸುನ್ವಾಳ ಕಿವಿ ಕೆಂಪಾಯಿತು. ಅವನನ್ನೇ ನೋಡುತ್ತ ಮುಂದಿನ ಪದ್ಯವನ್ನು, ಅದರ ಮುಂದಿನದನ್ನೂ, ರಾಗವಿಲ್ಲದೆ, ಒಂದಕ್ಷರ ತಪ್ಪದೆ ಹೇಳಿದಳು.

"ಮರ್ತಿಲ್ಲ ಮಾವ. ಹೊಟ್ಟೆ ನೋವು. ಚಳಿಗಾಲದ್ದೇ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

"ಇನ್ನೇನು ಸ್ವಲ್ಪ ಇದೆ, ಮುಗಿಸಿಬಿಡು ಮಗಳೇ" ಎಂದಿತು ಯಾರದೋ ದನಿ. ಹಾನುಸ್ ಅತ್ತ ತಿರುಗಲಿಲ್ಲ. "ಬಿರಿತಾ, ಕಾರು ತೆಗಿ" ಎಂದು ಸುನ್ವಾಳ ಅಮ್ಮನಿಗೆ ಹೇಳಿ, ಮೊಮ್ಮಗಳನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರ್ ತೂರಿ ಪರೀಕ್ಷೆ ಮುಗಿಸಿ ಸುನ್ವಾಳ ಕೆನ್ನೆ ತಟ್ಟಿದರು. "ಈ ಸಲ ತೆಗೀಲೇಬೇಕು. ಆದ್ರೆ ಒಡೆದಿಲ್ಲ. ಹೇಳಿದ್ಯಲ್ಲ, ಅದಕ್ಕೆ."

"ಆವತ್ತೇ ಕೊಯ್ಯಿಸಿಬಿಡಬೇಕಿತ್ತೇನೋ" ಎಂದು ಬಿರಿತಾ ಕಣ್ಣೊರೆಸಿಕೊಂಡಳು.

"ಆವತ್ತು ಬೇಕಿರ್ಲಿಲ್ಲ ಬಿರಿತಾ. ಇವತ್ತು ಬೇಕು" ಎಂದರು ಡಾಕ್ಟರ್.

ಹಬ್ಬದ ಬೆಳ್ಳಿಗುಂಡಿಯ ಉಡುಪಿನಲ್ಲೇ ಬಂದಿದ್ದ ಹಾನುಸ್, ಎದುರಾದ ನರ್ಸುಗಳನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದ: "ನನ್ನ ಮೊಮ್ಮಗಳು. ಊರೆಲ್ಲ ಕುಣೀತಿದ್ದಾಗ ಹಾಡು ನಿಲ್ಲಿಸಿದ್ಳು, ಗೊತ್ತಾ? ಎಲ್ಲರ ಮುಂದೆ!"

ಆಪರೇಷನ್ ಕೋಣೆಯ ಬಾಗಿಲಲ್ಲಿ ಸುನ್ವಾ ಅವನ ತೋಳು ಹಿಡಿದಳು.

"ಅಜ್ಜ, ಜನ ಕಾಯ್ತಿರ್ತಾರೆ. ಹಾಡಿನ ರಾಜ ಇನ್ನೂ ನಡುನೀರಲ್ಲೇ ಇದ್ದಾನೆ. ನೀನು ಹೋಗಿ ಉಳಿದದ್ದು ಹಾಡು, ಅವನು ದಡ ಸೇರ್ಕೊಳ್ಳಲಿ."

"ನೀನು ಎದ್ದು ಬರೋವರೆಗೆ ಅಲ್ಲೇ ತೇಲ್ತಾ ಇರ್ಲಿ" ಎಂದ ಹಾನುಸ್. "ನಾನು ಹಾಡಲ್ಲ."